ಎರಡು ಟ್ರಾಲಿ ಜಿಪ್ಸಂ: ಪುಣೆ ಪಕ್ಕದ ಒಂದು ಮಣ್ಣು ಪರೀಕ್ಷಾ ಕೇಂದ್ರದ ಪ್ರಕರಣ

ಇದು ನಮ್ಮದೇ ತಪ್ಪಿನ ಕಥೆ. ಊರು, ಹೆಸರು, ಹೊಲದ ಗುರುತು ಎಲ್ಲ ಬಿಟ್ಟಿದ್ದೇನೆ. ವರದಿಗೆ ಸಹಿ ಹಾಕಿದವಳು ನಾನು, ಆದ್ದರಿಂದ ಇದನ್ನು ಬರೆಯುವ ಕೆಲಸವೂ ನಿನ್ನದೇ ಅಂತ ಕೇಂದ್ರದ ಉಳಿದಿಬ್ಬರು ನನಗೇ ಒಪ್ಪಿಸಿದರು.

ಹಿನ್ನೆಲೆ

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ಹಡಪ್ಸರ್ ದಾಟಿದರೆ ಲೋಣಿ ಕಾಳಭೋರ್, ಉರುಳಿ ಕಾಂಚನ್, ಯವತ್. ರಸ್ತೆ ಬದಿಗೆ ನರ್ಸರಿಗಳು. ಒಳಗೆ ಹೋದರೆ ಕಬ್ಬು, ಅದರ ನಡುವೆ ತುಂಡು ತುಂಡಾಗಿ ಮೆಂತ್ಯ, ಕೊತ್ತಂಬರಿ, ಪಾಲಕ್, ಉಳ್ಳಾಗಡ್ಡಿ. ಬೆಳಗಾಗುವ ಮುಂಚೆ ಇವೆಲ್ಲ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗುತ್ತವೆ. ಖಡಕ್‌ವಾಸ್ಲಾ ಅಣೆಕಟ್ಟಿನ ಬಲದಂಡೆ ಕಾಲುವೆ ಇದೇ ಪಟ್ಟಿಯಲ್ಲಿ ಹಾದು ದೌಂಡ್, ಇಂದಾಪುರದ ಕಡೆ ಹೋಗುತ್ತದೆ.

ಈ ಸೊಪ್ಪು ತರಕಾರಿ ಬೆಳೆಯುವವರಲ್ಲಿ ನಮ್ಮ ಕಡೆಯ ಜನ ಒಂದಿಷ್ಟಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕೆಲಸ ಸಾಕಾದ ಮೇಲೆ ಎರಡು ಮೂರು ಎಕರೆ ಲಾವಣಿ, ಅಂದರೆ ಗುತ್ತಿಗೆ, ಹಾಕಿಕೊಂಡು ಮತ್ತೆ ಹೊಲಕ್ಕೇ ಇಳಿದವರು. ಮನೆಯಲ್ಲಿ ಕನ್ನಡ, ಬದುವಿನ ಮೇಲೆ ಮರಾಠಿ.

ನಾವು ಮೂವರು. ಒಬ್ಬರು ಧಾರವಾಡದಲ್ಲಿ ಮಣ್ಣು ವಿಜ್ಞಾನ ಕಲಿಸಿ ನಿವೃತ್ತರಾಗಿ, ಮಗನ ಮನೆಗೆ ಅಂತ ಪುಣೆಗೆ ಬಂದ ಸರ್. ಇನ್ನೊಬ್ಬರು ಐಟಿ ಕಂಪನಿಯ ಹುಡುಗ. ದುಡ್ಡಿನ ಲೆಕ್ಕ, ಕಂಪ್ಯೂಟರ್ ಎಲ್ಲ ಅವನದು. ಮೂರನೆಯವಳು ನಾನು, ರಸಾಯನಶಾಸ್ತ್ರ ಓದಿ ಮದುವೆಯಾಗಿ ಇಲ್ಲಿಗೆ ಬಂದವಳು. ಏಳು ವರ್ಷದ ಹಿಂದೆ ಹಡಪ್ಸರ್ ಆಚೆ ಒಂದು ಗಾಳಾ ಬಾಡಿಗೆಗೆ ಹಿಡಿದೆವು. ಇಲ್ಲಿ ಅಂಗಡಿ ಮಳಿಗೆಗೆ ಗಾಳಾ ಅಂತಾರೆ. ಮಣ್ಣಿನ ಹುಳಿ-ಕ್ಷಾರ ನೋಡೋಕೆ ಪಿಎಚ್ ಮೀಟರ್, ಕರಗಿದ ಉಪ್ಪು ಎಷ್ಟಿದೆ ಅಂತ ನೋಡೋಕೆ ಇಸಿ ಮೀಟರ್, ಒಂದು ಕಲರಿಮೀಟರ್, ಪೊಟ್ಯಾಶ್ ಅಳೆಯೋಕೆ ಸೆಕೆಂಡ್ ಹ್ಯಾಂಡ್ ಫ್ಲೇಮ್ ಫೋಟೋಮೀಟರ್. ಸತು, ಕಬ್ಬಿಣದಂಥ ಲಘು ಪೋಷಕಾಂಶ ಅಳೆಯುವ ಯಂತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಂಥ ಸ್ಯಾಂಪಲ್‌ಗಳನ್ನು ದೊಡ್ಡ ಲ್ಯಾಬಿಗೆ ಕಳಿಸೋಣ ಅಂದುಕೊಂಡೆವು.

ಪುಣೆಯಲ್ಲಿ ಲ್ಯಾಬಿಗೇನು ಬರ ಇಲ್ಲ. 1907ರಿಂದ ಕೃಷಿ ಕಾಲೇಜು ಇದೆ. ಮಾಂಜ್ರಿಯಲ್ಲಿ ಕಬ್ಬಿಗೆ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್, ದ್ರಾಕ್ಷಿಗೆ ರಾಷ್ಟ್ರೀಯ ಸಂಶೋಧನಾ ಕೇಂದ್ರ ಎರಡೂ ಇವೆ. ಮೇಲಾಗಿ 2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆ. ಆದರೆ ಆ ಯೋಜನೆಯಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ ಒಂದು ಸ್ಯಾಂಪಲ್. ಅಂದರೆ ಆರು ಎಕರೆಗಿಂತ ಜಾಸ್ತಿ. ಎರಡು ಎಕರೆ ಲಾವಣಿ ಮಾಡುವವನ ತುಂಡು ಆ ಚೌಕದಲ್ಲಿ ಎಲ್ಲೋ ಕಳೆದುಹೋಗುತ್ತದೆ. ಅವನ ಹೆಸರಲ್ಲಿ ಸಾತಬಾರಾ ಉತಾರೆಯೂ, ಅಂದರೆ ನಮ್ಮ ಕಡೆಯ ಪಹಣಿಯೂ, ಇರೋದಿಲ್ಲ. ಚೀಟಿ ಬಂದರೂ ಮಾಲೀಕರ ಹೆಸರಿಗೆ ಬರುತ್ತದೆ, ಅವರ ಕಪಾಟಿನಲ್ಲಿ ಕೂರುತ್ತದೆ. ಈ ಜನಕ್ಕೆ ಅವರ ಭಾಷೆಯಲ್ಲೇ ಪರೀಕ್ಷೆ ಮಾಡಿ ಹೇಳೋಣ ಅನ್ನೋದು ನಮ್ಮ ಲೆಕ್ಕ.

ಮೊದಲ ವರ್ಷದ ಪೆಟ್ಟುಗಳು

ಮೊದಲ ಪೆಟ್ಟು ಚೀಲದಿಂದ ಬಿತ್ತು. ಒಂದು ಸ್ಯಾಂಪಲ್‌ನಲ್ಲಿ ರಂಜಕ ಸಿಕ್ಕಾಪಟ್ಟೆ ಬಂತು. ಹೆಕ್ಟೇರಿಗೆ 25 ಕೆಜಿ ದಾಟಿದರೇ ಜಾಸ್ತಿ ಅನ್ನುವ ಲೆಕ್ಕದಲ್ಲಿ ಇದು ಅದರ ನಾಲ್ಕು ಪಟ್ಟು. ಕೆಮಿಕಲ್ ಕೆಟ್ಟಿರಬೇಕು ಅಂತ ಎರಡು ಸಲ ಮಾಡಿದೆ. ಅದೇ ಬಂತು. ಕಡೆಗೆ ಸರ್ ಎದ್ದು ಹೋಗಿ ಕಸದ ಬುಟ್ಟಿಯಿಂದ ಆ ಮಣ್ಣು ಬಂದಿದ್ದ ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದರು. ಡಿಎಪಿ ಅನ್ನುವ ರಂಜಕದ ಗೊಬ್ಬರದ ಚೀಲ. ಮೂಲೆಯಲ್ಲಿ ಇನ್ನೂ ನಾಲ್ಕು ಕಾಳು ಗೊಬ್ಬರ ಅಂಟಿಕೊಂಡಿತ್ತು.

ಅವತ್ತಿನಿಂದ ಬಟ್ಟೆ ಚೀಲ ನಾವೇ ಹೊಲಿಸಿ ಕೊಡೋಕೆ ಶುರು ಮಾಡಿದೆವು. ಸ್ಯಾಂಪಲ್ ತೆಗೆಯೋದನ್ನು ಹೊಲದಲ್ಲೇ ನಿಂತು ತೋರಿಸಿದೆವು. ಬದು, ತಿಪ್ಪೆ, ಮರದ ನೆರಳು ಬಿಟ್ಟು ಅಂಕುಡೊಂಕಾಗಿ ನಡೆದು 15-20 ಕಡೆ ವಿ ಆಕಾರದ ಗುಂಡಿ ತೆಗೆಯಬೇಕು, ಆರು ಇಂಚು ಆಳ. ಗುಂಡಿಯ ಗೋಡೆಯಿಂದ ಬೆರಳು ದಪ್ಪ ಮಣ್ಣು ಕೆರೆದು ಎಲ್ಲ ಕಲಸಿ ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಚೆಲ್ಲಬೇಕು. ಅರ್ಧ ಕಿಲೋ ಉಳಿಯೋವರೆಗೂ ಹೀಗೇ. ಕೇಳೋಕೆ ಸುಲಭ. ಬಿಸಿಲಲ್ಲಿ ಬಾಗಿ ಹದಿನೈದು ಗುಂಡಿ ತೆಗೆದವರಿಗೇ ಗೊತ್ತು, ಆರನೆಯದಕ್ಕೆ ಮನಸ್ಸು ಮನೆ ಕಡೆ ಹೊರಟಿರುತ್ತೆ.

ಎರಡನೆಯದು ವರದಿಯ ಭಾಷೆ. ಮರಾಠಿ ಮಾಡಿದೆವು, ಕನ್ನಡ ಮಾಡಿದೆವು, ಆದರೆ ಒಳಗಿನ ಲೆಕ್ಕ ಹೆಕ್ಟೇರಿಗೆ ಇಷ್ಟು ಕೆಜಿ ಸಾರಜನಕ ಅಂತಲೇ ಇತ್ತು. ಗೊಬ್ಬರದ ಅಂಗಡಿಯಲ್ಲಿ ಸಾರಜನಕ ಯಾರೂ ಮಾರೋದಿಲ್ಲ, ಯೂರಿಯಾ ಮಾರ್ತಾರೆ. ಎಕರೆಗೆ 40 ಕೆಜಿ ಸಾರಜನಕ ಅಂದರೆ 87 ಕೆಜಿ ಯೂರಿಯಾ, 45 ಕೆಜಿಯ ಎರಡು ಚೀಲಕ್ಕೆ ಚೂರು ಕಮ್ಮಿ. ಅದನ್ನು ಹಾಗೇ ಬರೆದ ದಿನದಿಂದ ಜನ ಕಾಗದ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋದರು. ಓದಲು ಬಾರದವರಿಗೆ ಐಟಿ ಹುಡುಗ ವಾಟ್ಸಾಪಿನಲ್ಲಿ ಕನ್ನಡದಲ್ಲೇ ಮಾತಾಡಿ ಕಳಿಸುತ್ತಿದ್ದ.

ಇಷ್ಟೆಲ್ಲ ಸರಿಹೋದ ಮೇಲೆ ನಮಗೆ ಒಂಥರಾ ಧೈರ್ಯ ಬಂತು. ಈಗ ನೋಡಿದರೆ ಅದೇ ಅಪಾಯ.

ಆ ಮೂರು ಎಕರೆ

ಎರಡನೇ ವರ್ಷದ ಸೆಪ್ಟೆಂಬರ್. ಇಂಡಿ ತಾಲ್ಲೂಕಿನ ಕಡೆಯ ಒಬ್ಬ ಅಣ್ಣ, ನಲವತ್ತರ ಆಸುಪಾಸು, ಮೂರು ಎಕರೆ ಲಾವಣಿ ಹಿಡಿದಿದ್ದರು. ಬಾಯಿಮಾತಿನ ಕರಾರು, ವರ್ಷ ವರ್ಷ ಮುಂದುವರಿಸುವುದು. ಕಪ್ಪು ಎರೆ ಭೂಮಿ. ಹಿಂದಿನ ಮಾಲೀಕರು ವರ್ಷಗಟ್ಟಲೆ ಕಬ್ಬು ಹಾಕಿ ನೀರು ನಿಲ್ಲಿಸಿದ್ದ ಜಾಗ. ಉಳ್ಳಾಗಡ್ಡಿ ಸೊಪ್ಪಿನ ತುದಿ ಸುಡ್ತಾ ಇತ್ತು, ಅಲ್ಲಲ್ಲಿ ನೆಲ ಬೆಳ್ಳಗೆ ಪುಡಿ ಎದ್ದಿತ್ತು.

"ಅಕ್ಕಾರ, ಹೊಲಾ ಸವಳ ಆಗೇದರೀ. ಏನರ ಹಾಕಲಿಕ್ಕೆ ಹೇಳ್ರಿ" ಅಂದರು.

ಮಣ್ಣು ಸರಿಯಾಗಿ ತಂದಿದ್ದರು, ನಮ್ಮದೇ ಬಟ್ಟೆ ಚೀಲದಲ್ಲಿ. ಪಿಎಚ್ 8.3. ಇಸಿ 1.7. ಸಾವಯವ ಇಂಗಾಲ ಮಧ್ಯಮ. ಸರ್ ಆ ವಾರ ಊರಿಗೆ ಹೋಗಿದ್ದರು. ನಾನು ಪುಸ್ತಕ ತೆಗೆದೆ. ಉಪ್ಪಿನ ಮಣ್ಣು ಅನ್ನಬೇಕಾದರೆ ಇಸಿ 4 ದಾಟಬೇಕು ಅಂತ ಇದೆ. ಇದು 1.7, ಹಾಗಾದರೆ ಉಪ್ಪಿನದಲ್ಲ. ಪಿಎಚ್ ಮೇಲಿದೆ, ಹಾಗಾದರೆ ಸೋಡಿಯಂ ಕಾಟ ಇರಬೇಕು. ಸೋಡಿಯಂ ಮಣ್ಣಿಗೆ ಮದ್ದು ಜಿಪ್ಸಂ, ಕ್ಯಾಲ್ಸಿಯಂ ಇರುವ ಖನಿಜದ ಪುಡಿ. ಎಕರೆಗೆ ಎರಡು ಟನ್ ಅಂತ ಬರೆದು ಸಹಿ ಹಾಕಿದೆ. ನೀರಿನ ಸ್ಯಾಂಪಲ್ ಕೇಳಲಿಲ್ಲ. ಹೊಲ ನೋಡಲೂ ಹೋಗಲಿಲ್ಲ. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು ಅನ್ನೋದು ಕಾರಣ ಇರಬಹುದು, ನೆಪವೂ ಇರಬಹುದು.

ಅಣ್ಣ ಆ ತಿಂಗಳ ಭಿಸಿ, ಅಂದರೆ ಚೀಟಿ ದುಡ್ಡು, ಎತ್ತಿದರು. ಅವರ ಕಡೆಯ ಹನ್ನೆರಡು ಮನೆಯವರು ಸೇರಿ ನಡೆಸುತ್ತಿದ್ದ ಭಿಸಿ ಅದು. ಆ ದುಡ್ಡು ಮಗಳ ಕಾಲೇಜಿಗೆ ಅಂತ ಇಟ್ಟಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಎರಡು ಟ್ರಾಲಿ ಜಿಪ್ಸಂ ಬಂತು. ಒಂದೂವರೆ ಟ್ರಾಲಿ ಹೊಲಕ್ಕೆ ಎರಚಿ, ಬಾವಿಯ ನೀರು ಹಾಯಿಸಿ, ಹೊಸ ಉಳ್ಳಾಗಡ್ಡಿ ಸಸಿ ನೆಟ್ಟರು.

ಇಪ್ಪತ್ತು ದಿನಕ್ಕೆ ಫೋನ್. "ನೀವು ಬರದಂಗ ಹಾಕೇನ್ರಿ ಅಕ್ಕಾರ. ಒಂದು ಸಸಿ ಸೈತ ಹಿಡೀಲಿಲ್ಲ." ಬೈಗುಳ ಇಲ್ಲ, ಜೋರು ದನಿಯೂ ಇಲ್ಲ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಆಬಾ ಮುಷ್ಟಿಯಲ್ಲಿ ಹಿಡಿದ ಮಣ್ಣು

ಅವತ್ತೇ ಸರ್ ಜೊತೆ ಹೊರಟೆ. ಹೊಲದಲ್ಲಿ ಅಣ್ಣ, ಸರ್, ನಾನು ನಿಂತು ಮಾತಾಡುವಾಗ ಪಕ್ಕದ ಹೊಲದ ಆಬಾ ಬದು ದಾಟಿ ಬಂದರು. ಮರಾಠಿ ರೈತ, ಎಪ್ಪತ್ತು ದಾಟಿದವರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದು ಬಿಚ್ಚಿದರು. ಮಣ್ಣು ಉಬ್ಬಿದ ಅವಲಕ್ಕಿ ಥರ ಹಗುರಾಗಿ ಉದುರಿತು.

"ಹೀ ಚೋಪಣ್ ನಾಹೀ, ಹೀ ಖಾರವಟ್" ಅಂದರು. ಇದು ಚೋಪಣ್ ಅಲ್ಲ, ಖಾರವಟ್.

ಸರ್ ನನ್ನ ಮುಖ ನೋಡಿದರು. ಮರಾಠಿಯಲ್ಲಿ ಇವೆರಡೂ ಬೇರೆ ಬೇರೆ ರೋಗ. ಖಾರವಟ್ ಅಂದರೆ ಉಪ್ಪು ಕೂತ ನೆಲ: ಮೇಲೆ ಬಿಳಿ ಪುಡಿ, ಮಣ್ಣು ಮೆತ್ತಗೆ, ಬೆಳಿಗ್ಗೆ ನೋಡಿದರೆ ತೇವ ಇದ್ದ ಹಾಗೆ ಕಾಣುತ್ತದೆ. ಚೋಪಣ್ ಅಂದರೆ ಸೋಡಿಯಂ ಹಿಡಿದ ನೆಲ: ನೀರು ಇಂಗದೆ ರಾಡಿಯಾಗಿ ನಿಲ್ಲುತ್ತೆ, ಒಣಗಿದರೆ ಇಟ್ಟಿಗೆ ಥರ ಗಟ್ಟಿ, ನೇಗಿಲಿಗೆ ದೊಡ್ಡ ದೊಡ್ಡ ಹೆಂಟೆ ಏಳುತ್ತೆ. ಪುಸ್ತಕದ ಕನ್ನಡದಲ್ಲಿ ಸವಳು, ಕರಲು ಅಂತ ಎರಡು ಹೆಸರಿವೆ. ಆದರೆ ನಮ್ಮ ಮನೆಮಾತಿನಲ್ಲಿ ನೆಲ ಕೆಟ್ಟಿತು ಅಂದರೆ ಸವಳೇ. ಅಣ್ಣ ಸವಳು ಅಂದರು, ನಾನೂ ಸವಳು ಅಂದುಕೊಂಡೆ. ಯಾವ ಸವಳು ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಲ್ಯಾಬಿಗೆ ವಾಪಸ್ ಬಂದು ಸರ್ ನನ್ನ ಎರಡನೇ ತಪ್ಪು ತೋರಿಸಿದರು. ನಾವು ದಿನಾ ಅಳೆಯೋದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಕಲಕಿದ ತೆಳು ದ್ರಾವಣದಲ್ಲಿ. ಪುಸ್ತಕದ 4 ಅನ್ನೋ ಗಡಿ ಇರೋದು ಬೇರೆ ವಿಧಾನಕ್ಕೆ. ಮಣ್ಣಿಗೆ ತುಸು ತುಸುವೇ ನೀರು ಹಾಕಿ ಹೊಳೆಯುವ ಹಿಟ್ಟಿನ ಹದಕ್ಕೆ ನಾದಿ, ರಾತ್ರಿ ಇಟ್ಟು, ಬೆಳಿಗ್ಗೆ ಅದರೊಳಗಿನ ನೀರನ್ನು ಹೀರಿ ಅಳೆಯಬೇಕು. ಆ ನೀರಲ್ಲಿ ಉಪ್ಪು ಎಷ್ಟೋ ಪಟ್ಟು ದಟ್ಟ. ಒಂದು ಲೋಟ ಪಾನಕಕ್ಕೂ ಒಂದು ಬಕೆಟ್ ಪಾನಕಕ್ಕೂ ಒಂದೇ ಚಮಚ ಸಕ್ಕರೆ ಹಾಕಿ ರುಚಿ ಹೋಲಿಸಿದ ಹಾಗೆ ನಾನು ಮಾಡಿದ್ದೆ. ಹಾಗೆ ಅಳೆದಾಗ ಅದೇ ಮಣ್ಣು 5.8 ತೋರಿಸಿತು. ಉಳ್ಳಾಗಡ್ಡಿ ಆ ಅಳತೆಯಲ್ಲಿ 1.2 ದಾಟಿದರೇ ಸೊರಗೋಕೆ ಶುರು ಮಾಡುತ್ತೆ. ಗೋಧಿ 6ರವರೆಗೂ ತಡೆಯುತ್ತೆ.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿದೆವು, ದುಡ್ಡಿಲ್ಲದ್ದು. ಎರಡು ಗಾಜಿನ ಬಾಟಲಿ, ಎರಡರಲ್ಲೂ ನೀರು. ಒಂದಕ್ಕೆ ಅಣ್ಣನ ಹೊಲದ ಮಣ್ಣು, ಇನ್ನೊಂದಕ್ಕೆ ಆಬಾ ತಮ್ಮ ಚೋಪಣ್ ಮೂಲೆ ಅಂತ ಕೊಟ್ಟ ಮಣ್ಣು. ಕುಲುಕಿ ಕಿಟಕಿಯಲ್ಲಿ ಇಟ್ಟೆ. ಸಂಜೆ ಹೊತ್ತಿಗೆ ಅಣ್ಣನ ಬಾಟಲಿಯಲ್ಲಿ ಮಣ್ಣೆಲ್ಲ ತಳಕ್ಕೆ ಕೂತು ಮೇಲೆ ನೀರು ತಿಳಿಯಾಗಿತ್ತು. ಆಬಾ ಬಾಟಲಿ ಮಾರನೇ ದಿನವೂ ಚಹಾದ ಬಣ್ಣಕ್ಕೇ ಇತ್ತು. ಸೋಡಿಯಂ ಇದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತವೆ. ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಜಾಗ ಹಿಡಿದರೆ ಅವು ಮತ್ತೆ ಗುಂಪುಗೂಡಿ ಕೂರುತ್ತವೆ. ಅಣ್ಣನ ಮಣ್ಣಿನಲ್ಲಿ ಕಣಗಳು ಆಗಲೇ ಚೆನ್ನಾಗಿ ಕೂರುತ್ತಿದ್ದವು. ಅಲ್ಲಿಗೆ ಜಿಪ್ಸಂ ಬೇಕಿರಲಿಲ್ಲ. ಉಪ್ಪಿಗೆ ಮದ್ದು ತೊಳೆದು ಹೊರಗೆ ಹಾಕೋದು, ಅಷ್ಟೇ.

ಈ ಉಪ್ಪು ಬಂದದ್ದಾದರೂ ಎಲ್ಲಿಂದ? ಬಾವಿ ನೀರು ಅಳೆದೆವು, ಮೋಟರ್ ಅರ್ಧ ತಾಸು ಓಡಿಸಿ, ಬಾಟಲಿ ಅದೇ ನೀರಲ್ಲಿ ಮೂರು ಸಲ ತೊಳೆದು. ಇಸಿ 2.9. ನೀರಾವರಿಗೆ 2.25 ದಾಟಿದ ನೀರನ್ನು ಕೊನೇ ದರ್ಜೆಗೆ ಹಾಕ್ತಾರೆ. ಸರ್ ಒಂದು ಬೀಜದ ಪಾಕೀಟಿನ ಹಿಂದೆ ಲೆಕ್ಕ ಬರೆದು ಅಣ್ಣನಿಗೆ ತೋರಿಸಿದರು. ಈ ನೀರಿನ ಒಂದು ಲೀಟರಿನಲ್ಲಿ ಸುಮಾರು 1.85 ಗ್ರಾಂ ಉಪ್ಪು. ಒಂದು ಸಲ ಎರಡು ಇಂಚು ನೀರು ಹಾಯಿಸಿದರೆ ಎಕರೆಗೆ ಎರಡು ಲಕ್ಷ ಲೀಟರ್ ಮೇಲಾಗುತ್ತೆ. ಅಂದರೆ ಪ್ರತಿ ಸಲ ಸುಮಾರು 380 ಕೆಜಿ ಉಪ್ಪು.

ಅಣ್ಣ ಬಾವಿ ಕಡೆ ನೋಡಿದರು. "ಏಳೆಂಟು ಚೀಲ ಆತಲ್ರೀ ಸರ. ನಾ ನೀರ ಬಿಡ್ತೀನಿ ಅಂತ ತಿಳಕೊಂಡಿದ್ದೆ."

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಅಲ್ಲಿ. ಮಣ್ಣಿನ ವರದಿಯಲ್ಲಿ ಇದ್ದ ಎಂಟು ಅಂಕಿಗಳಿಗಿಂತ ಬಾವಿಯ ಒಂದು ಅಂಕಿ ಅವರಿಗೆ ಹೆಚ್ಚು ಹೇಳಿತು. ಆ ಅಂಕಿ ತೆಗೆಯೋಕೆ ಜೇಬಲ್ಲಿ ಹಿಡಿಸುವ ಇಸಿ ಮೀಟರ್ ಸಾಕಿತ್ತು.

ದುಡ್ಡು, ಚರಿ, ಮಾಲೀಕರು

ಜಿಪ್ಸಂ ದುಡ್ಡಿನ ಪ್ರಶ್ನೆಗೆ ನಮ್ಮೊಳಗೇ ಜಗಳ ಆಯಿತು. ಅರ್ಧ ನಾವು ಕೊಡಬೇಕು ಅಂತ ಸರ್. ಐಟಿ ಹುಡುಗ ಒಪ್ಪಲಿಲ್ಲ. ಸ್ಯಾಂಪಲ್‌ಗೆ ನಾವು ತಗೊಳ್ಳೋದು ನೂರೈವತ್ತು ರೂಪಾಯಿ, ಹೀಗೆ ಕೊಡುತ್ತಾ ಹೋದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕು ಅಂದ. ಅವನ ಮಾತಿನಲ್ಲೂ ತಪ್ಪಿಲ್ಲ. ಕಡೆಗೆ ಅರ್ಧ ಕೊಟ್ಟೆವು, ಮೂವರೂ ಕೈಯಿಂದ ಹಾಕಿ. ಅದು ನ್ಯಾಯದ ಲೆಕ್ಕವೋ ಮುಖ ಉಳಿಸಿಕೊಳ್ಳುವ ಲೆಕ್ಕವೋ ಅಂತ ನನಗೆ ಇವತ್ತಿಗೂ ಅನುಮಾನ. ಒಂದು ಸೀಸನ್ನು ಹೋದದ್ದನ್ನಂತೂ ಯಾರೂ ಕೊಡಲಿಲ್ಲ.

ಉಪ್ಪು ಹೊರಗೆ ಹೋಗಬೇಕಾದರೆ ದಾರಿ ಬೇಕು. ಹೊಲದ ತಗ್ಗಿನ ಬದಿಗೆ ಮೂರು ಅಡಿ ಆಳದ ಚರಿ ತೋಡಿ ನಾಲಾಕ್ಕೆ ಬಿಡಬೇಕು. ನೆಲದೊಳಗೆ ತೂತಿನ ಪೈಪ್ ಹಾಕೋದು ಇನ್ನೂ ಒಳ್ಳೆಯದು, ಆದರೆ ಆ ಖರ್ಚಿನ ಮಾತೇ ಎತ್ತುವ ಹಾಗಿರಲಿಲ್ಲ. ಚರಿಗೂ ಅಣ್ಣ ತಲೆ ಅಲ್ಲಾಡಿಸಿದರು. "ಹೊಲಾ ನಂದಲ್ಲರೀ. ಮುಂದಿನ ವರ್ಷ ಯಾರಿಗಿ ಕೊಡ್ತಾರೋ ಏನೋ. ನಾ ಯಾಕ ಚರಿ ತೋಡ್ಲಿ?"

ಲಾವಣಿ ರೈತನ ಕೈಗೆ ಮಣ್ಣಿನ ವರದಿ ಕೊಟ್ಟು, ನಿನ್ನ ನೆಲ ಸರಿ ಮಾಡಿಕೋ ಅಂದರೆ ಅದು ಬಾಡಿಗೆ ಮನೆಯವನಿಗೆ ಛಾವಣಿ ಹಾಕಿಸಿಕೋ ಅಂದ ಹಾಗೆ. ಇದನ್ನು ನಾವು ಮೊದಲ ದಿನವೇ ಯೋಚಿಸಬೇಕಿತ್ತು. ಪುಣೆಯ ಫ್ಲ್ಯಾಟಿನಲ್ಲಿದ್ದ ಮಾಲೀಕರ ಹತ್ತಿರ ಸರ್ ಮತ್ತು ನಾನು ಮರಾಠಿ ವರದಿ ತಗೊಂಡು ಹೋದೆವು. ಲಾವಣಿಯವನ ಕಷ್ಟ ಹೇಳಿದಾಗ ಚಹಾ ಕೊಟ್ಟರು. ನಿಮ್ಮ ಭೂಮಿಯೇ ವರ್ಷ ವರ್ಷ ಬಂಜರಾಗುತ್ತಿದೆ ಅಂದಾಗ ಕನ್ನಡಕ ಹಾಕಿಕೊಂಡರು. ಚರಿಯ ಜೆಸಿಬಿ ಖರ್ಚು ತಾವೇ ಹಾಕಿದರು. ಮೂರು ವರ್ಷ ಬಿಡಿಸೋದಿಲ್ಲ ಅಂತ ಮಾತು ಕೊಟ್ಟರು, ಕಾಗದ ಮಾಡಲಿಲ್ಲ.

ಆ ಹಿಂಗಾರಿಗೆ ಗೋಧಿ ಬಿತ್ತಿದರು. ಕಾಲುವೆಯ ಪಾಳಿ ನೀರು ಬಂದಾಗ ಅದನ್ನೇ ಹಾಯಿಸಿ, ಬಾವಿ ನೀರನ್ನು ನಡುವೆ ಅಗತ್ಯಕ್ಕಷ್ಟೇ ಬಳಸಿದರು. ಮಳೆಗಾಲಕ್ಕೆ ಮಡಿ ಕಟ್ಟಿ ಮಳೆನೀರು ನಿಲ್ಲಿಸಿ ಇಂಗಿಸಿದರು. ಮುಂದಿನ ದೀಪಾವಳಿ ಕಳೆದ ಮೇಲೆ ಅಳೆದರೆ 5.8 ಇದ್ದದ್ದು 3.1ಕ್ಕೆ ಇಳಿದಿತ್ತು. ಚರಿ ಮುಟ್ಟದ ಮೇಲಿನ ಮೂಲೆ ಮಾತ್ರ ಹಾಗೇ ಬೆಳ್ಳಗಿತ್ತು. ಉಳ್ಳಾಗಡ್ಡಿಗೆ ನೆಲ ಇನ್ನೂ ಸಿದ್ಧವಿರಲಿಲ್ಲ.

ನಾವು ಬದಲಿಸಿದ್ದು

ಈಗ ನಮ್ಮಲ್ಲಿ ನೀರಿನ ಬಾಟಲಿ ಇಲ್ಲದೆ ಮಣ್ಣಿನ ಚೀಲ ತಗೊಳ್ಳೋದಿಲ್ಲ. ಬಾವಿ, ಬೋರಿನ ಇಸಿ ಬಿಟ್ಟಿಯಾಗಿ ಹೊಲದಲ್ಲೇ ನೋಡುತ್ತೇವೆ. ತೆಳು ದ್ರಾವಣದ ಇಸಿ 1 ದಾಟಿದರೆ ವರದಿ ಅಲ್ಲಿಗೇ ನಿಲ್ಲುತ್ತದೆ. ಹೊಲ ನೋಡಿ, ಹಿಟ್ಟಿನ ಹದದ ಪರೀಕ್ಷೆ ಮಾಡಿ, ಆಮೇಲೇ ಸಲಹೆ. ಎರಡು ಬಾಟಲಿ ಕಿಟಕಿಯಲ್ಲಿ ಸದಾ ಇರುತ್ತವೆ, ಬಂದವರಿಗೆ ತೋರಿಸೋಕೆ. ಸಲಹೆಯಲ್ಲಿ ದೊಡ್ಡ ಖರ್ಚು ಬಂದರೆ ಇಬ್ಬರ ಸಹಿ ಬೇಕು. ಫಾರ್ಮಿನಲ್ಲಿ ಸವಳು ಅಂತ ಬರೆಯೋದನ್ನೇ ತೆಗೆದೆವು. ಬದಲಿಗೆ ಕೇಳ್ತೀವಿ: ಮೇಲೆ ಬಿಳಿ ಪುಡಿ ಇದೆಯಾ? ನೀರು ನಿಂತು ರಾಡಿ ಆಗುತ್ತಾ? ಒಣಗಿದರೆ ಗಟ್ಟಿಯಾ? ಹೊಲ ಸ್ವಂತದ್ದಾ, ಲಾವಣಿಯದ್ದಾ?

ಕೆಲವಕ್ಕೆ ಇಲ್ಲ ಅನ್ನೋದನ್ನೂ ಕಲಿತೆವು. ಮುಳಾ-ಮುಠಾ ನದಿ ಪುಣೆಯ ಕೊಳಚೆ ಹೊತ್ತುಕೊಂಡು ಈ ಊರುಗಳ ಪಕ್ಕದಲ್ಲೇ ಹರಿದು ಭೀಮೆಗೆ ಸೇರುತ್ತದೆ. ಮುಂದೆ ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ನಮ್ಮ ಇಂಡಿ, ಅಫಜಲಪುರ. ಆ ನೀರಲ್ಲಿ ಲೋಹ ಇದೆಯಾ, ಸೊಪ್ಪಿಗೆ ಹಾಕಬಹುದಾ ಅಂತ ಜನ ಕೇಳ್ತಾರೆ. ನಮ್ಮ ಇಸಿ ಮೀಟರಿಗೆ ಅದು ಕಾಣೋದಿಲ್ಲ. ಒಂದು ಅಂಕಿ ಬರೆದುಕೊಟ್ಟರೆ ಅದನ್ನೇ ಸುರಕ್ಷಿತ ಅಂತ ಓದಿಕೊಳ್ತಾರೆ. ಅದಕ್ಕೇ ಬರೆಯೋದಿಲ್ಲ, ದೊಡ್ಡ ಲ್ಯಾಬಿನ ದಾರಿ ತೋರಿಸುತ್ತೇವೆ.

ಉಳಿದ ಅರ್ಧ ಟ್ರಾಲಿ ಜಿಪ್ಸಂ ಬಾವಿ ಪಕ್ಕ ತಾಡಪತ್ರಿ ಮುಚ್ಚಿಕೊಂಡು ಒಂದು ವರ್ಷ ಬಿದ್ದಿತ್ತು. ಕೊನೆಗೆ ಆಬಾ ತಮ್ಮ ಚೋಪಣ್ ಮೂಲೆಗೆ ಬೇಕು, ರೇಟು ಮಾತಾಡೋಣ ಅಂದರು. ಅಣ್ಣ ಮೊದಲು ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತ ಅವರನ್ನು ನಮ್ಮ ಹತ್ತಿರ ಅಟ್ಟಿದರು. ಆಬಾ ಬಂದರು, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಮಣ್ಣು. ಮಣ್ಣು ಡಿಎಪಿ ಚೀಲದಲ್ಲಿತ್ತು. ಚಹಾ ಕೊಟ್ಟು, ಬಟ್ಟೆ ಚೀಲ ಕೈಗಿಟ್ಟು ವಾಪಸ್ ಕಳಿಸಿದೆವು.